ಬೀದಿ ನಡುವಿನ ಗೂಡ್ಸ್ ಗಾಡಿ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಲಾಗ್ರೇಂಜ್ ಅಂತ ಒಂದು ಸಣ್ಣ ಊರಿದೆ. ಲೂಯಿವಿಲ್ ನಗರದಿಂದ ದೂರವೇನಲ್ಲ. ಅಲ್ಲಿನ ಮೇನ್ ಸ್ಟ್ರೀಟಿನ ನಟ್ಟನಡುವೆ ರೈಲು ಹಳಿ ಹಾದುಹೋಗಿದೆ. ಬೇಲಿಯಿಲ್ಲ, ಗೋಡೆಯಿಲ್ಲ. ಹಳಿಯ ಪಕ್ಕದಲ್ಲೇ ಕಾರುಗಳ ಓಡಾಟ, ಪಾರ್ಕಿಂಗ್, ಆಮೇಲೆ ಅಂಗಡಿ ಸಾಲು. ಮೊದಲು ಲೂಯಿವಿಲ್ ಅಂಡ್ ನ್ಯಾಶ್‌ವಿಲ್ ರೈಲು ಕಂಪನಿಯದಾಗಿದ್ದ ಮಾರ್ಗ, ಈಗ ಸಿಎಸ್‌ಎಕ್ಸ್‌ನದು. ರೈಲು ಓಡಾಟವನ್ನು ನೇರಪ್ರಸಾರ ಮಾಡುವ ವರ್ಚುವಲ್ ರೈಲ್‌ಫ್ಯಾನ್‌ನವರು ಅಲ್ಲೊಂದು ಕ್ಯಾಮೆರಾ ಇಟ್ಟಿದ್ದಾರೆ. ಯೂಟ್ಯೂಬಿನಲ್ಲಿ 24 ಗಂಟೆಯೂ ನೋಡಬಹುದು.

ಬೇಸಿಗೆಯಲ್ಲಿ ನಾವು ಅವರಿಗಿಂತ ಒಂಬತ್ತೂವರೆ ಗಂಟೆ ಮುಂದೆ. ನಾನು ಊಟ ಮುಗಿಸಿ ಕೂರುವಾಗ ಅಲ್ಲಿ ಹೊತ್ತೇರುತ್ತಿರುತ್ತದೆ. ಗೂಡ್ಸ್ ಗಾಡಿಗೆ ನಾವು ನೋಡಿಕೊಳ್ಳುವಂಥ ವೇಳಾಪಟ್ಟಿ ಇಲ್ಲ, ಬಂದಾಗ ಬಂತು. ನನಗೆ ಅದೇ ಇಷ್ಟ. ಸುಮ್ನೆ ಕಾಯುವಾಗ ಊರು ಕಾಣುತ್ತದೆ. ಅವತ್ತು ಶನಿವಾರ. ಒಬ್ಬಾಕೆ ಅಂಗಡಿ ಮುಂದಿನ ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಅವರ ನಾಯಿ ಬಂದುಹೋಗುವವರನ್ನೆಲ್ಲ ಮೂಸುತ್ತಿತ್ತು.

ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಅಮೆರಿಕದಲ್ಲಿ ರಸ್ತೆ ದಾಟುವಾಗ ಕೂಗುವ ಕ್ರಮ ಅದು. ಕೊನೆಯದನ್ನು ಇಂಜಿನ್ ರಸ್ತೆಗೆ ಬರುವವರೆಗೂ ಎಳೆಯುತ್ತಾರೆ. ನೀಲಿ ಮೈಯ, ಹಳದಿ ಮೂತಿಯ ಇಂಜಿನ್ ಗಂಟೆ ಬಾರಿಸುತ್ತಾ ನಿಧಾನಕ್ಕೆ ಬೀದಿಗಿಳಿಯಿತು. ಹೂಕುಂಡದವರು ತಲೆಯೆತ್ತಲೂ ಇಲ್ಲ.

ಅರ್ಧ ಬೀದಿಗೆ ಬಂದು ಗಾಡಿ ನಿಂತೇಬಿಟ್ಟಿತು. ನೋಡಿದರೆ ಯಾವನೋ ಪುಣ್ಯಾತ್ಮ ತನ್ನ ಪಿಕಪ್ಪನ್ನು ಓರೆಯಾಗಿ ನಿಲ್ಲಿಸಿ ಹೋಗಿದ್ದಾನೆ, ಹಿಂಭಾಗ ಹಳಿಯತ್ತ ಚಾಚಿಕೊಂಡಿದೆ. ಇಂಜಿನ್ನಿನಿಂದ ಕಂಡಕ್ಟರ್ ಇಳಿದ. ಅಲ್ಲಿ ಕಂಡಕ್ಟರ್ ಅಂದರೆ ಟಿಕೆಟ್ ಕೊಡುವವನಲ್ಲ, ಡ್ರೈವರ್ ಜೊತೆಗಿರುವ ಎರಡನೇ ಆಳು. ಬಗ್ಗಿ ಅಳತೆ ನೋಡಿದ, ಸೊಂಟದ ಮೇಲೆ ಕೈಯಿಟ್ಟು ನಿಂತ. ಈಗ ಹೂಕುಂಡದವರು ನೀರಿನ ಪೈಪು ಕೆಳಗಿಟ್ಟು ಅಂಗಡಿಯಿಂದ ಅಂಗಡಿಗೆ ಹೊರಟರು. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ಹತ್ತು ಜನ ಸೇರಿ ಪಿಕಪ್ಪನ್ನು ಎತ್ತಿಯೇ ಇಡುತ್ತಿದ್ದರು, ಅಲ್ವಾ? ಅಲ್ಲಿ ಒಬ್ಬ ಹುಡುಗ ಇಂಜಿನ್ನಿಗೆ ಕೈಬೀಸುತ್ತಾ ಐಸ್‌ಕ್ರೀಂ ತಿಂದು ಮುಗಿಸಿದ, ಅಷ್ಟೇ.

ಕೊನೆಗೂ ಟೋಪಿಯವನೊಬ್ಬ ಎದುರಿನ ಹೋಟೆಲಿನಿಂದ ಓಡಿ ಬಂದ. ಕೈಮೇಲೆತ್ತಿ ಕ್ಷಮೆ ಕೇಳಿದ ಹಾಗೆ ಮಾಡಿ ಗಾಡಿ ತೆಗೆದ. ಕಂಡಕ್ಟರ್ ಏನೂ ಅನ್ನದೆ ಮೆಟ್ಟಿಲು ಹತ್ತಿದ.

ಆಮೇಲಿನದೇ ನನಗೆ ಜಾಸ್ತಿ ಹಿಡಿಸಿದ್ದು. ಇಂಜಿನ್ ಗುಡುಗಿತು, ಆದರೆ ವ್ಯಾಗನ್‌ಗಳು ಒಟ್ಟಿಗೆ ಹೊರಡಲಿಲ್ಲ. ಕೊಂಡಿಗಳಲ್ಲಿ ಸ್ವಲ್ಪ ಸಡಿಲ ಇರುತ್ತದಲ್ಲ, ಅದು ಒಂದೊಂದಾಗಿ ಬಿಗಿಯುತ್ತಾ ಧಡ್ ಧಡ್ ಧಡ್ ಅಂತ ಸದ್ದು ಹಿಂದಕ್ಕೆ ಓಡಿತು. ಕ್ಯಾಮೆರಾ ದಾಟಿಯೂ ಓಡುತ್ತಲೇ ಇತ್ತು. ಆಮೇಲೆ ಮೆರವಣಿಗೆ: ಕಪ್ಪು ಟ್ಯಾಂಕರುಗಳು, ಕಾಳು ತುಂಬುವ ಮುಚ್ಚಿದ ವ್ಯಾಗನ್‌ಗಳು, ಮೈತುಂಬಾ ಸ್ಪ್ರೇ ಪೇಂಟಿನ ಬರಹ ಹೊತ್ತ ಡಬ್ಬಿಗಳು, ಹೊಸ ಕಾರು ಸಾಗಿಸುವ ತೂತುಗೋಡೆಯ ಎತ್ತರದ ವ್ಯಾಗನ್‌ಗಳು. ಲೂಯಿವಿಲ್‌ನಲ್ಲಿ ಫೋರ್ಡ್ ಕಾರ್ಖಾನೆಗಳಿವೆ. ಒಳಗಿನ ಕಾರುಗಳು ಅಲ್ಲಿಯವೇ ಇರಬೇಕು ಅಂತ ನನ್ನ ಊಹೆ.

ಬಾಲದಲ್ಲಿ ಬಾವುಟ ಹಿಡಿದ ಗಾರ್ಡ್ ಇಲ್ಲ. ಗಾರ್ಡ್ ಡಬ್ಬಿಯನ್ನು ಅಲ್ಲಿ 1980ರ ದಶಕದಲ್ಲೇ ಬಿಡತೊಡಗಿದರು. ಈಗ ಕೊನೆಯ ಕೊಂಡಿಗೆ ಒಂದು ಪೆಟ್ಟಿಗೆ ಸಿಕ್ಕಿಸುತ್ತಾರೆ. ಅದು ಕೆಂಪು ದೀಪ ಮಿನುಗಿಸುತ್ತಾ, ಬ್ರೇಕಿನ ಗಾಳಿ ಒತ್ತಡ ಎಷ್ಟಿದೆ ಅಂತ ರೇಡಿಯೋದಲ್ಲಿ ಇಂಜಿನ್ನಿಗೆ ಹೇಳುತ್ತಿರುತ್ತದೆ.

ಪಿಕಪ್ಪಿನವನು ಒಂದು ಸುತ್ತು ಹಾಕಿ ಬಂದು ಅದೇ ಜಾಗದಲ್ಲಿ ನಿಲ್ಲಿಸಿದ. ಈ ಸಲ ಎರಡೆರಡು ಬಾರಿ ಹಿಂದೆ ಮುಂದೆ ಮಾಡಿ, ಇಳಿದು ಹಳಿಗೆಷ್ಟು ದೂರ ಅಂತ ನೋಡಿಕೊಂಡು, ಹೋಟೆಲಿಗೆ ವಾಪಸ್ ಹೋದ.