ಅರವತ್ತಕ್ಕೆ ಜಗಳ

ಸೇಂಟ್ ಲೂಯಿಸ್‌ನಿಂದ ಟಲ್ಸಾಕ್ಕೆ ಕಾರಿನಲ್ಲಿ ಹೊರಟಿದ್ದೆವು. ಅಪ್ಪ ರಾಣೆಬೆನ್ನೂರಿಂದ ಬಂದು ಎರಡು ವಾರವಾಗಿತ್ತು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅವರ ಕಣ್ಣೆಲ್ಲ ರಸ್ತೆ ಬದಿಯ ಬೋರ್ಡಿನ ಮೇಲೆಯೇ.

ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಚಹಾಕ್ಕೆ ಇಳಿದೆವು. ಚಹಾ ಅಂದರೆ ಬಿಸಿನೀರು, ದಾರ ಕಟ್ಟಿದ ಪೊಟ್ಟಣ. ಊರಿನ ನಡುವಿನ ಚೌಕದಲ್ಲಿ ಒಂದು ಫಲಕ. ಅಮೆರಿಕದ ಹೆಸರಾಂತ ಹಳೇ ಹೆದ್ದಾರಿ ರೂಟ್ 66 ಹುಟ್ಟಿದ್ದು ಇಲ್ಲೇ ಅಂತೆ.

"ರಸ್ತೆ ಒಂದ ಊರಾಗ ಹುಟ್ಟೋದು ಅಂದ್ರೇನೋ?" ಅಂದರು ಅಪ್ಪ.

ಹುಟ್ಟಿದ್ದು ರಸ್ತೆಯಲ್ಲ, ನಂಬರು. ಅದಕ್ಕೂ ಮೊದಲು ಅಲ್ಲಿನ ದೊಡ್ಡ ರಸ್ತೆಗಳಿಗೆ ಹೆಸರಿರುತ್ತಿತ್ತು: ಲಿಂಕನ್ ಹೈವೇ, ಡಿಕ್ಸಿ ಹೈವೇ. ಒಂದೊಂದಕ್ಕೂ ಒಂದೊಂದು ಸಂಘ. ದಾರಿ ತಿಳಿಯಲಿ ಅಂತ ಕಂಬಗಳಿಗೆ ತಮ್ಮ ತಮ್ಮ ಬಣ್ಣದ ಪಟ್ಟಿ ಬಳಿಯುತ್ತಿದ್ದರು. ರಸ್ತೆ ತಮ್ಮ ಮೇಲೇ ಹಾಯಲಿ ಅಂತ ಊರುಗಳು ಸಂಘಕ್ಕೆ ವಂತಿಗೆ ಕೊಡುತ್ತಿದ್ದವು.

"ರೊಕ್ಕ ಕೊಟ್ಟವರ ಊರಿಗೆ ಸ್ಟಾಪು," ಅಪ್ಪ ನಕ್ಕರು.

ಈ ಗೊಂದಲ ಸಾಕಾಗಿ 1925ರಲ್ಲಿ ನಂಬರ್ ಕೊಡಲು ಕೂತರು. ಪೂರ್ವ-ಪಶ್ಚಿಮದ ಮುಖ್ಯ ರಸ್ತೆಗಳಿಗೆ ಸೊನ್ನೆಯಲ್ಲಿ ಮುಗಿಯುವ ನಂಬರು. ಶಿಕಾಗೊ-ಲಾಸ್ ಏಂಜಲೀಸ್ ರಸ್ತೆಗೆ 60 ಸಿಕ್ಕಿತು. ಕೆಂಟಕಿಗೆ ಸೊನ್ನೆಯದು ಒಂದೂ ಇಲ್ಲ! ಅಲ್ಲಿನ ಗವರ್ನರ್ ವಿಲಿಯಂ ಫೀಲ್ಡ್ಸ್ ಸಿಟ್ಟಾಗಿ ವಾಷಿಂಗ್ಟನ್ನಿಗೇ ಹೋದರು. 62 ತಗೊಳ್ಳಿ ಅಂದರೆ ಯಾರಿಗೂ ಬೇಡ. ಕೊನೆಗೆ 1926ರ ಏಪ್ರಿಲ್ 30ರಂದು ಇದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸೇರಿದ, ನಂಬರ್ ಕೊಡುವ ಸಮಿತಿಯಲ್ಲಿದ್ದ ಸೈರಸ್ ಏವ್ರಿ ಮತ್ತು ಜೊತೆಗಾರರು, ಶಿಕಾಗೊ ರಸ್ತೆಗೆ ಖಾಲಿ ಇದ್ದ 66 ಆದರೂ ಸೈ ಅಂತ ಟೆಲಿಗ್ರಾಂ ಕಳಿಸಿದರು. 60 ಕೆಂಟಕಿಯ ಪಾಲಾಯಿತು.

"ಬರೇ ನಂಬರಿಗೆ ಇಷ್ಟು ಜಗಳಾನ?"

ಫೋನಿನಲ್ಲಿ ಹಳೇ ನಕ್ಷೆ ತೆಗೆದುಕೊಟ್ಟೆ. ಅಪ್ಪ ಕನ್ನಡಕ ಮೇಲೇರಿಸಿ ಗೆರೆಯ ಮೇಲೆ ಬೆರಳಾಡಿಸಿದರು. ಶಿಕಾಗೊದಿಂದ ಕೆಳಗಿಳಿದು, ಕ್ಯಾನ್ಸಸ್‌ನ ಮೂಲೆಯನ್ನು ಬರೀ 13 ಮೈಲಿ ಸವರಿ, ಟಲ್ಸಾಕ್ಕೆ ಬಂದು ಬೆರಳು ನಿಂತಿತು.

"ಈ ಏವ್ರಿ ಯಾವೂರಂವಾ?"

"ಟಲ್ಸಾ."

"ಅಷ್ಟ ಮತ್ತ! ನಂಬರ್ ಹೋದ್ರ ಹೋಗ್ಲಿ, ರಸ್ತೆ ಮನಿ ಮುಂದ ಬಂತಲ್ಲ." ಆಮೇಲೆ ತಮ್ಮ ರೂಟಿನ ಒಂದು ಬಸ್ಸು ಯಾರದೋ ಬೀಗರ ಹಳ್ಳಿಗಾಗಿ ನಾಲ್ಕು ಕಿಲೋಮೀಟರ್ ಸುತ್ತುತ್ತಿದ್ದ ಕತೆ ಶುರುವಾಯಿತು. ಅದು ಒಂದು ಗಂಟೆಯ ಕತೆ, ಇಲ್ಲಿ ಬೇಡ.

ನಂಬರ್ ಬಗ್ಗೆ ಅಪ್ಪ ಹಗುರವಾಗಿ ಮಾತಾಡಿದ್ದಕ್ಕೆ ನನಗೆ ನಗು ಬಂತು. ನಮ್ಮೂರ ಹೈವೇ ಈಗ 48. ಅಪ್ಪ ಇವತ್ತಿಗೂ ಎನ್‌ಎಚ್ ಫೋರ್ ಅಂತಲೇ ಅನ್ನುವುದು. ಯಾರಾದರೂ ತಿದ್ದಿದರೆ ಜಗಳಕ್ಕೇ ನಿಲ್ಲುತ್ತಾರೆ.

ಊರಿನ ದಕ್ಷಿಣಕ್ಕೆ ಬಂದಾಗ ಕಪ್ಪು-ಬಿಳಿ ಬೋರ್ಡೊಂದು ಕಂಡಿತು. ಯುಎಸ್ 60.

"ಏ, ನಿಲ್ಸೋ ನಿಲ್ಸೋ," ಅಂದರು ಅಪ್ಪ. "ಅಲ್ನೋಡು, ಕೊನಿಗೂ ಇದೇ ಊರಿಗೆ ಬಂದೈತಿ ಅರವತ್ತು!"

ಹೈವೇಯಲ್ಲಿ ಎಲ್ಲಿ ನಿಲ್ಲಿಸಲಿ? ಅಪ್ಪ ಸೀಟಿನಲ್ಲೇ ಹಿಂದೆ ತಿರುಗಿ ಬೋರ್ಡ್ ಮರೆಯಾಗುವ ತನಕ ನೋಡಿದರು.