ಪಿಎಫ್ ಬಿಡಿಸುವ ಮುನ್ನ ಒಮ್ಮೆ ವಿಚಾರಿಸಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ (ಲೋಹದ ಎರಕದ ಕಾರ್ಖಾನೆ) ಸಂಬಳ, ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಎರಕದ ಅಚ್ಚಿನೊಳಗೆ ಇಡುವ ಮರಳಿನ ಕೋರ್ ತಯಾರಿಸುವ ವಿಭಾಗದಲ್ಲಿ ಹೆಚ್ಚಿನವರು ಮಚ್ಛೆ, ಪೀರನವಾಡಿ ಕಡೆಯಿಂದ ಬರುವ ಹೆಂಗಸರು. ದಿನವಿಡೀ ನಿಂತು ದುಡಿದು ಗಳಿಸಿದ್ದು ಕಾಗದಪತ್ರದ ಸಂದಿಗಳಲ್ಲಿ ಹೇಗೆ ಸೋರಿಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಇವರಿಂದಲೇ.

ಗಂಡಸರ ದಾಖಲೆಗಳಲ್ಲಿ ಹೆಸರು ಸಾಮಾನ್ಯವಾಗಿ ಒಂದೇ ಇರುತ್ತದೆ. ಹೆಂಗಸರದು ಹಾಗಲ್ಲ. ಪಿಎಫ್‌ನಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು. ನಮ್ಮ ಕಡೆ ಕೆಲವು ಮನೆಗಳಲ್ಲಿ ಮದುವೆಯಾದಾಗ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ಎರಡೂ ತಾಳೆಯಾಗದಿದ್ದರೆ ಹಣ ಬಿಡಿಸುವ ಅರ್ಜಿ ತಿರಸ್ಕೃತ. ಮೊಬೈಲ್ ಸಂಖ್ಯೆಯೂ ಅವರದ್ದಾಗಿರುವುದಿಲ್ಲ. ಹಿರಿಯ ಕೆಲಸಗಾರ್ತಿಯೊಬ್ಬರು ನನ್ನೆದುರು ಕುಳಿತು, ಒಟಿಪಿಗಾಗಿ ಪುಣೆಯಲ್ಲಿದ್ದ ಮಗನಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ಅವನು ಪಾಳಿಯಲ್ಲಿದ್ದ, ಎತ್ತಲಿಲ್ಲ. “ನೋಡು ತಂಗಿ, ದುಡಿದವಳು ನಾನು, ಕೀಲಿ ಅವನ ಹತ್ತಿರ” ಎಂದರು. ಈಗ ಯಾರೇ ಕೆಲಸಕ್ಕೆ ಸೇರಿದರೂ ಮೊದಲ ದಿನವೇ ಅವರ ಸ್ವಂತ ಸಂಖ್ಯೆಯನ್ನು ಜೋಡಿಸಿ, ಹೆಸರು ಮತ್ತು ಜನ್ಮದಿನಾಂಕವನ್ನು ಆಧಾರ್‌ನೊಂದಿಗೆ ಹೋಲಿಸಿ ನೋಡುತ್ತೇನೆ. ಕೆಲವು ತಿದ್ದುಪಡಿಗಳಿಗೆ ಕಾರ್ಖಾನೆಯ ಒಪ್ಪಿಗೆ ಬೇಕಾಗುವುದರಿಂದ, ಕೆಲಸದಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಸುಲಭ.

ನಾಮಿನಿಯ ವಿಚಾರ ಬಹಳ ಜನಕ್ಕೆ ಗೊತ್ತಿಲ್ಲ. ಮದುವೆಗೆ ಮೊದಲು ಪಿಎಫ್‌ಗೆ ಮಾಡಿದ ನಾಮನಿರ್ದೇಶನ ಮದುವೆಯಾದೊಡನೆ ಅಸಿಂಧುವಾಗುತ್ತದೆ. ಹೊಸದಾಗಿ ತುಂಬಲೇಬೇಕು.

ನನ್ನನ್ನು ಅತಿ ಹೆಚ್ಚು ಸಂಕಟಕ್ಕೆ ತಳ್ಳುವುದು ಪಿಂಚಣಿ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಇದ್ದರೆ ಕೆಲಸಗಾರ್ತಿಯಿಂದ 1,800 ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಕಟ್ಟುತ್ತಾರೆ. ಅದರಲ್ಲಿ 1,250 ಪಿಂಚಣಿ ನಿಧಿಗೆ, ಉಳಿದ 550 ಪಿಎಫ್‌ಗೆ. ಸೇವೆ 10 ವರ್ಷ ತುಂಬಿದರೆ 58ರ ನಂತರ ಜೀವನಪರ್ಯಂತ ಪಿಂಚಣಿ. ಆದರೆ ಹೆಂಗಸರ ದುಡಿಮೆ ಒಂದೇ ಎಳೆಯಲ್ಲಿ ಸಾಗುವುದು ಅಪರೂಪ. ಬಾಣಂತನ, ಅತ್ತೆಯ ಕಾಯಿಲೆ, ಮಕ್ಕಳ ಶಾಲೆ ಎಂದು ಕೆಲಸ ಬಿಡುತ್ತಾರೆ, ಬಿಡುವಾಗ “ಎಲ್ಲ ರೊಕ್ಕ ಬಿಡಿಸಿಕೊಡಿ” ಎನ್ನುತ್ತಾರೆ. ಪಿಂಚಣಿಯ ಪಾಲನ್ನೂ ತೆಗೆದುಕೊಂಡರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಹಿಂತಿರುಗಿ ಬಂದಾಗ ಲೆಕ್ಕ ಸೊನ್ನೆಯಿಂದ ಶುರು. ಹೀಗೆ ಏಳು ವರ್ಷ ಒಮ್ಮೆ, ಐದು ವರ್ಷ ಇನ್ನೊಮ್ಮೆ ದುಡಿದವರಿಗೆ ಪಿಂಚಣಿಯೇ ಇಲ್ಲವಾಗುವುದು ಅನ್ಯಾಯವೆಂದೇ ನನ್ನ ಭಾವನೆ. ಪಿಂಚಣಿಯ ಪಾಲಿಗಾಗಿ ತುಂಬುವ 10-ಸಿ ಅರ್ಜಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಎಂಬ ಸೇವೆಯ ಪ್ರಮಾಣಪತ್ರ ಕೇಳಬಹುದು, ಆಗ ಹಳೆಯ ಸೇವೆ ಉಳಿಯುತ್ತದೆ. ಹೊಸ ಕಡೆ ಸೇರುವಾಗ ಹಳೆಯ ಯುಎಎನ್ ಸಂಖ್ಯೆಯನ್ನೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಕೊಡಬೇಕು.

ಹೆರಿಗೆಗಾಗಿ ರಾಜೀನಾಮೆ ಕೊಡುವುದಂತೂ ಬೇಡವೇ ಬೇಡ. ಇಎಸ್‌ಐ ಇದ್ದವರಿಗೆ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದು ಆರು ತಿಂಗಳಿನದು) 70 ದಿನಗಳ ವಂತಿಗೆ ಸಂದಿದ್ದರೆ, ಈಗಾಗಲೇ ಬದುಕಿರುವ ಇಬ್ಬರು ಮಕ್ಕಳಿಲ್ಲದಿದ್ದರೆ 26 ವಾರ ವೇತನ ಸಿಗುತ್ತದೆ. ಹೊಟ್ಟೆ ಕಾಣುವ ಮೊದಲೇ ಮೆಲ್ಲನೆ ಕೆಲಸ ಬಿಟ್ಟುಹೋಗುವ ಹುಡುಗಿಯರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಗುತ್ತಿಗೆದಾರರ ಮೂಲಕ ಬಂದವರ ಪಾಡು ಇನ್ನೂ ಕಷ್ಟ. ಗುತ್ತಿಗೆದಾರ ಪಿಎಫ್ ಕಟ್ಟದಿದ್ದರೆ ಕಟ್ಟುವ ಹೊಣೆ ಮುಖ್ಯ ಕಾರ್ಖಾನೆಯದು. ಆದ್ದರಿಂದ ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕಿಸುವ ಮುನ್ನ ಆ ತಿಂಗಳ ಪಿಎಫ್ ಕಟ್ಟಿದ ಚಲನ್‌ನ ಜೊತೆಗಿರುವ ಪಟ್ಟಿಯನ್ನು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ಹೆಸರು ಹೆಸರಾಗಿ ತಾಳೆ ನೋಡುತ್ತೇನೆ. ಒಂದು ಹೆಸರು ಬಿಟ್ಟುಹೋಗಿದ್ದರೂ ಬಿಲ್ಲು ವಾಪಸ್ಸು.