ಟಿಟಿಯೊಳಗಿನ ಜಗಲಿ: ಮೊದಲು ಸೀಟು, ಆಮೇಲೆ ಟಿವಿ

ಟೆಂಪೋ ಟ್ರಾವೆಲರ್ (ಟಿಟಿ) ತಗೊಂಡು ಕ್ಯಾಂಪರ್, ಅಂದರೆ ಒಳಗೇ ಉಂಡು ಮಲಗೋ ಗಾಡಿ ಮಾಡಿಸೋಕೆ ಹೊರಟವರು ಸಾಮಾನ್ಯವಾಗಿ ಮೊದಲು ಹಾಸಿಗೆಗೆ ಜಾಗ ಹುಡುಕ್ತಾರೆ, ಆಮೇಲೆ ಅಡುಗೆಕಟ್ಟೆಗೆ. ಕೂರೋ ಜಾಗ ಅಂದ್ರೆ ಇವೆರಡೂ ಆಗಿ ಉಳಿದದ್ದು. ಟಿವಿಯಂತೂ ಕೊನೇ ದಿನ ಎಲ್ಲಿ ಗೋಡೆ ಖಾಲಿ ಕಾಣುತ್ತೋ ಅಲ್ಲಿಗೆ. ಬಯಲುಸೀಮೆ ಕಡೆ ಓಡಾಡೋರಿಗೆ ಇದು ನಡೆದೀತು, ಸಂಜೆಯಾದರೆ ಹೊರಗೆ ಕುರ್ಚಿ ಹಾಕಿಕೊಂಡರಾಯ್ತು. ಮಲೆನಾಡಿಗೆ ಈ ಲೆಕ್ಕ ಹೊಂದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಸಂಜೆ ಐದಕ್ಕೆ ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಮಲಗೋ ತನಕ ಅಲ್ಲೇ. ಹಾಗಾಗಿ ನಕ್ಷೆ ಬರೆಯುವಾಗ ಮೊದಲ ಗೆರೆ ಸೀಟಿನದ್ದಾಗಬೇಕು. ಆ ಸೀಟಲ್ಲಿ ಕಾಲು ಚಾಚಿ ಕೂತವರ ಕಣ್ಣು ಎಲ್ಲಿಗೆ ಹೋಗುತ್ತೋ ಅಲ್ಲಿ ಟಿವಿ ಬರಬೇಕು. ಕಿಟಕಿಯನ್ನು ಮಾತ್ರ ಯಾವ ಕಾರಣಕ್ಕೂ ಅದಕ್ಕೆ ಬಿಟ್ಟುಕೊಡಬಾರದು.

ಮೊದಲು ಅಳತೆ. ಟಿಟಿಯ ಹೊರ ಅಗಲ ಎರಡು ಮೀಟರ್‌ಗೆ ಚೂರು ಕಮ್ಮಿ. ಇನ್ಸುಲೇಶನ್, ಪ್ಲೈವುಡ್ ಎಲ್ಲ ಹಾಕಿದ ಮೇಲೆ ಒಳಗೆ ಕೈಗೆ ಸಿಗೋದು ಐದೂವರೆ ಅಡಿ, ಅಂದರೆ 168 ಸೆಂ.ಮೀ. ಆಸುಪಾಸು. ಎರಡೂ ಬದಿಗೆ 55 ಸೆಂ.ಮೀ. ಬೆಂಚು ಹಾಕಿದರೆ ನಡುವೆ 58 ಸೆಂ.ಮೀ. ಉಳಿಯುತ್ತೆ. ಓಡಾಡೋಕೆ 50 ಬೇಕೇ ಬೇಕು, ಇಲ್ಲದಿದ್ದರೆ ಒಬ್ಬರು ಎದ್ದಾಗಲೆಲ್ಲ ಉಳಿದವರು ಕಾಲು ಮಡಚಬೇಕು. ಬಾಡಿ ಮೇಲಕ್ಕೆ ಹೋದ ಹಾಗೆ ಒಳಕ್ಕೆ ಬಾಗಿರೋದರಿಂದ ಅಗಲವನ್ನ ನೆಲದಲ್ಲೊಮ್ಮೆ, ಕೂತವರ ಭುಜದ ಎತ್ತರದಲ್ಲೊಮ್ಮೆ ಅಳೆಯಬೇಕು. ಆಮೇಲೆ ನೆಲದ ಮೇಲೆ ಪೇಪರ್ ಟೇಪ್ ಅಂಟಿಸಿ, ಬೆಂಚಿನ ಎತ್ತರಕ್ಕೆ ರಟ್ಟಿನ ಪೆಟ್ಟಿಗೆ ಇಟ್ಟು, ಮನೆಮಂದಿಯೆಲ್ಲ ಅರ್ಧ ಗಂಟೆ ಕೂತು ನೋಡಿ. ಆಟೋ ಕಾಂಪ್ಲೆಕ್ಸ್‌ನ ಗ್ಯಾರೇಜಿಗೆ ಗಾಡಿ ಬಿಡೋ ಮುಂಚೆ ಈ ಕೆಲಸ ಮುಗಿದಿರಲಿ. ಪ್ಲೈ ಕೊಯ್ದ ಮೇಲೆ ಬದಲಾವಣೆಗೆ ದುಡ್ಡು ಬೀಳುತ್ತೆ.

ರೈಲಿನ ಬೋಗಿಯ ಹಾಗೆ ಎದುರುಬದುರು ಸೀಟು, ನಡುವೆ ಟೇಬಲ್ ಇರೋದು ಊಟಕ್ಕೆ, ಇಸ್ಪೀಟಿಗೆ ಬಹಳ ಚೆಂದ. ಟೇಬಲ್ ಇಳಿಸಿದರೆ ಹಾಸಿಗೆಯೂ ಆಗುತ್ತೆ. ಟಿವಿಗೆ ಮಾತ್ರ ಇದಕ್ಕಿಂತ ಕೆಟ್ಟ ಜೋಡಣೆ ಇಲ್ಲ, ಎಲ್ಲಿಟ್ಟರೂ ಇಬ್ಬರು ಬೆನ್ನು ಹಾಕಿಯೇ ಕೂರಬೇಕು. ಎರಡು ಉದ್ದ ಬೆಂಚು ಪಕ್ಕಗಳಿಗೆ ಹಾಕಿ ಅಡ್ಡ ಪಾರ್ಟಿಶನ್ ಮೇಲೆ ಟಿವಿ ಇಟ್ಟರೆ ಎಲ್ಲರೂ ಕುತ್ತಿಗೆಯನ್ನ 90 ಡಿಗ್ರಿ ತಿರುಗಿಸಬೇಕು. ಇದಕ್ಕೊಂದು ದಾರಿ ಇದೆ: ಬೆಂಚಿನ ಹಿಂದಿನ ತುದಿಯಲ್ಲಿ ಒರಗೋಕೆ 40 ಸೆಂ.ಮೀ. ಎತ್ತರದ ಇಳಿಜಾರು ದಿಂಬಿಗೆ ಆಸರೆ ಕೊಟ್ಟರೆ ಜನ ತಾವಾಗೇ ಕಾಲು ನೀಡಿ ಮುಂದಕ್ಕೆ ಮುಖ ಮಾಡಿ ಕೂರ್ತಾರೆ. ಇಬ್ಬರು ಮೂವರಿಗೆ ‘ಎಲ್’ ಆಕಾರದ ಸೀಟು ಸಾಕು, ಅದರ ಗಿಡ್ಡ ತೋಳು ಟಿವಿಗೆ ನೇರ ಎದುರಿರಲಿ. ನಾಲ್ವರಿದ್ದರೆ ಹಿಂಬದಿಯಲ್ಲಿ ‘ಯು’ ಆಕಾರ, ಮೂರೂ ಕಡೆ ಕಿಟಕಿ, ಟಿವಿಯನ್ನು ಮುಂದಿನ ಕಪಾಟಿನ ಪಕ್ಕಕ್ಕೆ. ನಮ್ಮ ಕಡೆಗೆ ಇದೇ ಉತ್ತಮ. ಹೊನ್ನೇಮರಡಿನ ಹಿನ್ನೀರಿನ ಪಕ್ಕ ಗಾಡಿ ನಿಲ್ಲಿಸಿದರೆ ಮೂರು ಕಡೆಯ ಕಿಟಕಿಯೇ ಮೊದಲ ಟಿವಿ. ಆದರೆ ಹಿಂದಿನ ಭಾಗ ಆಕ್ಸಲ್‌ನಿಂದ ಆಚೆ ಚಾಚಿರೋದರಿಂದ ತಿರುವಲ್ಲಿ ಬಹಳ ಓಲಾಡುತ್ತೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಲ್ಲಿ ಅಲ್ಲಿ ಯಾರನ್ನೂ ಕೂರಿಸಬೇಡಿ. ಓಡುವಾಗ ಕೂರೋಕೆ ಮುಂದಕ್ಕೆ ಮುಖ ಮಾಡಿದ, ಬೆಲ್ಟ್ ಇರೋ ಮೂಲ ಸೀಟುಗಳನ್ನು ಉಳಿಸಿಕೊಳ್ಳಿ. ಸೀಟು ತೆಗೆಸೋದು, ಬಾಡಿ ಬದಲಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೆಳಗೆ ಬರುತ್ತೆ. ಆರ್‌ಟಿಓ ಒಪ್ಪಿಗೆ ಕೆಲಸ ಶುರುವಾಗೋ ಮುಂಚೆಯೇ ಆಗಬೇಕು.

ಸೀಟಿನ ಎತ್ತರ ಕುಶನ್ ಸೇರಿ 45 ಸೆಂ.ಮೀ., ಕುಶನ್ 10 ಸೆಂ.ಮೀ., 40 ಡೆನ್ಸಿಟಿ ಫೋಮ್. ಅದಕ್ಕಿಂತ ತೆಳುವಾದರೆ ಒಂದೇ ತಾಸಲ್ಲಿ ಪ್ಲೈ ಕೂರೋ ಮೂಳೆಗೆ ತಾಗುತ್ತೆ. ಕುಶನ್ ಕೆಳಗಿನ ಪ್ಲೈಗೆ 15 ಸೆಂ.ಮೀ.ಗೊಂದರಂತೆ 25 ಮಿ.ಮೀ. ತೂತು ಕೊರೆಸಿ. ಗಾಳಿ ಆಡದಿದ್ದರೆ ಆಷಾಢ ಮುಗಿಯೋದರೊಳಗೆ ಫೋಮಿನ ಅಡಿಗೆ ಬೂಷ್ಟು ಹಿಡಿದಿರುತ್ತೆ. ಬಾಗಿಲ ಪಕ್ಕ 60 ಸೆಂ.ಮೀ. ಜಾಗ ಬರಿದಾಗಿ ಬಿಡಿ. ಒದ್ದೆ ಕೊಡೆ, ಚಪ್ಪಲಿ ಅಲ್ಲೇ ನಿಲ್ಲಬೇಕು, ಕಾಲಿಗೆ ಹತ್ತಿದ ಉಂಬಳವೂ ಅಲ್ಲೇ ಇಳಿಯಬೇಕು.

ಟಿವಿ ಎಷ್ಟು ದೊಡ್ಡದು? ಕಣ್ಣಿನಿಂದ ಪರದೆಗೆ ಇರೋ ದೂರವನ್ನು 1.6ರಿಂದ ಭಾಗಿಸಿದರೆ ಪರದೆಯ ಕರ್ಣ ಸಿಗುತ್ತೆ. ಒಂದು ಮೀಟರ್ ದೂರಕ್ಕೆ 24 ಇಂಚು, 1.3 ಮೀಟರ್‌ಗೆ 32 ಇಂಚು. ಆದರೂ ಟಿಟಿಗೆ 24 ಸಾಕು ಅನ್ನೋದು ಈ ಬರಹದ ಖಚಿತ ನಿಲುವು. 32 ಇಂಚಿನದು 72 ಸೆಂ.ಮೀ. ಅಗಲ ಬರುತ್ತೆ, ಅಷ್ಟು ಅಗಲದ ಕಪಾಟಿನ ಪಕ್ಕ ಮಾಡಿಸಿದರೆ ಓಡಾಡೋ ದಾರಿ ಸತ್ತುಹೋಗುತ್ತೆ. ಎತ್ತರದ ವಿಷಯದಲ್ಲೇ ಗ್ಯಾರೇಜಿನವರು ಹೆಚ್ಚು ಎಡವೋದು. ನಿಂತುಕೊಂಡು ಗುರುತು ಹಾಕಿ, ನೆಲದಿಂದ ಐದಡಿಗೆ ಬ್ರಾಕೆಟ್ ಹೊಡೀತಾರೆ. ನೆಟ್ಟಗೆ ಕೂತವರ ಕಣ್ಣು ನೆಲದಿಂದ 115 ರಿಂದ 120 ಸೆಂ.ಮೀ., ಒರಗಿ ಕೂತರೆ 105. ಪರದೆಯ ನಡುಬಿಂದು 105 ಮತ್ತು 115ರ ನಡುವೆ ಬರಲಿ. ಡ್ರೈವರ್ ಕ್ಯಾಬಿನ್ ಮೇಲೆ ಇಟ್ಟರೆ ಕುತ್ತಿಗೆ ನೋವು ಗ್ಯಾರಂಟಿ. ಒಲೆಯ ಮೇಲೆ ಇಟ್ಟರೆ ಒಗ್ಗರಣೆ ಹೊಗೆ, ಅನ್ನದ ಹಬೆ ನೇರ ಒಳಗೆ. ಕಿಟಕಿಯ ಎದುರು ಗೋಡೆಗಿಟ್ಟರೆ ಹಗಲಲ್ಲಿ ಪರದೆ ತುಂಬ ಕಿಟಕಿಯೇ ಕಾಣುತ್ತೆ; ‘ಯು’ ಸೀಟಿನ ಜೋಡಣೆಯಲ್ಲಿ ಹಗಲು ಟಿವಿ ನೋಡುವಾಗ ಹಿಂಬದಿ ಕಿಟಕಿಗೆ ಕರ್ಟನ್ ಎಳೆಯಬೇಕು.

ಈಗ ಬ್ರಾಕೆಟ್. 24 ಇಂಚಿನ ಟಿವಿ ಸುಮಾರು 4 ಕೆ.ಜಿ. ತೂಗುತ್ತೆ, ಹಿಂದೆ 75 ಅಥವಾ 100 ಮಿ.ಮೀ. ಚೌಕದ ನಾಲ್ಕು ತೂತು, ಎಂ4 ಸ್ಕ್ರೂ. ಮಡಚೋ ತೋಳನ್ನು 40 ಸೆಂ.ಮೀ. ಹೊರಗೆ ಎಳೆದಿಟ್ಟೇ ಗಾಡಿ ಓಡಿಸಿದಿರಿ ಅಂತಿಟ್ಟುಕೊಳ್ಳಿ. ಗುಂಡಿಗೆ ಬಿದ್ದಾಗ ಭಾರ ಮೂರು ಪಟ್ಟಾಗಿ 12 ಕೆ.ಜಿ. ಆಯ್ತು. ಬ್ರಾಕೆಟ್‌ನ ಮೇಲಿನ, ಕೆಳಗಿನ ಬೋಲ್ಟ್‌ಗಳ ನಡುವೆ 10 ಸೆಂ.ಮೀ. ಅಂತರ ಇದ್ದರೆ ಮೇಲಿನದರ ಮೇಲೆ ಬೀಳೋ ಎಳೆತ 48 ಕೆ.ಜಿ. 4 ಮಿ.ಮೀ. ಪ್ಯಾನೆಲ್‌ಗೋ ಬಾಡಿ ತಗಡಿಗೋ ಹೊಡೆದ ಸೆಲ್ಫ್ ಸ್ಕ್ರೂ ಇದನ್ನ ತಡೆಯಲ್ಲ. ಮೊದಲು ತೂತು ಅಗಲವಾಗುತ್ತೆ, ಆಮೇಲೆ ಸ್ಕ್ರೂ ಕಿತ್ತುಬರುತ್ತೆ. ಕಪಾಟಿನ ಆ ಪಕ್ಕಕ್ಕೆ 18 ಮಿ.ಮೀ. ಮರೀನ್ ಪ್ಲೈ ಹಾಕಿಸಿ, ಮರೀನ್ ಪ್ಲೈ ಗುಣಮಟ್ಟದ ಐಎಸ್ 710 ಮುದ್ರೆ ನೋಡಿ ತಗೊಳ್ಳಿ. ಎಂ6 ಬೋಲ್ಟ್ ಆರಪಾರು ಹೋಗಲಿ, ಹಿಂದೆ 30 ಮಿ.ಮೀ. ವಾಷರ್, ನೈಲಾಕ್ ನಟ್ (ಅದುರಿದರೂ ಸಡಿಲಾಗದ ಹಾಗೆ ಒಳಗೆ ನೈಲಾನ್ ಬಳೆ ಇರೋದು). ನಟ್ಟಿನ ತುದಿ ಕಪಾಟಿನೊಳಗೆ ಬಟ್ಟೆ ಹರಿಯದ ಹಾಗೆ ಮೇಲೊಂದು ಟೊಪ್ಪಿ ಹಾಕಿ. ತೋಳಿಗೆ ಲಾಕ್ ಇರೋ ಬ್ರಾಕೆಟ್ಟನ್ನೇ ತಗೊಳ್ಳಿ. ಹೊರಡೋ ಮುಂಚೆ ಮಡಚಿ, ಲಾಕ್ ಮಾಡಿ, ಬೆಲ್ಟ್ ಬಿಗಿಯಬೇಕು.

ಟಿವಿ ಹಿಂದೆ 4 ಸೆಂ.ಮೀ. ಗಾಳಿಗೆ ಬಿಡಿ. ಹೊರ ತಗಡಿಗೆ ಅಂಟಿದ ಹಾಗೆ ಕೂರಿಸಿದರೆ ರಾತ್ರಿ ತಗಡು ತಣ್ಣಗಾಗಿ, ಒಳಗಿನವರ ಉಸಿರು, ಒದ್ದೆ ಬಟ್ಟೆಯ ತೇವ ಎಲ್ಲ ಅಲ್ಲೇ ನೀರಾಗಿ ಕೂರುತ್ತೆ. ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸೋದಾದರೆ ಟಿವಿ ಬಿಚ್ಚಿ ಮನೆಯೊಳಗಿಡಿ. ದಿನಾ ಉರಿಯೋ ಟಿವಿಗಿಂತ ಸುಮ್ಮನೆ ಥಂಡಿಯಲ್ಲಿ ಕೂತದ್ದೇ ಬೇಗ ಕೆಡೋದು.

ಕರೆಂಟಿನ ಲೆಕ್ಕದಲ್ಲೂ 24 ಇಂಚೇ ಗೆಲ್ಲುತ್ತೆ. 12 ವೋಲ್ಟ್ ಅಡಾಪ್ಟರಿನ ಮಾಡೆಲ್ 25 ವಾಟ್ ಎಳೆದರೆ ಎರಡು ಆಂಪಿಯರ್, ಮೂರು ತಾಸಿಗೆ 6 ಆಂಪಿಯರ್-ಅವರ್. 32 ಇಂಚಿನದನ್ನು ಇನ್ವರ್ಟರ್ ಮೂಲಕ ನಡೆಸಿದರೆ ಇನ್ವರ್ಟರಿನ ಸ್ವಂತ ಖರ್ಚೂ ಸೇರಿ 17ರ ಹತ್ತಿರ. ದಟ್ಟ ಮೋಡದಡಿ ಸೋಲಾರ್ ಪ್ಯಾನೆಲ್ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲು ಕೊಟ್ಟರೆ ಹೆಚ್ಚು, ಹಾಗಾಗಿ ಬ್ಯಾಟರಿಯಲ್ಲಿ ಖರ್ಚಾದದ್ದನ್ನ ಎಂಜಿನ್ನೇ ತುಂಬಿಸಬೇಕು. ಎಂಜಿನ್‌ನಿಂದ ಬ್ಯಾಟರಿ ತುಂಬೋ 30 ಆಂಪಿಯರ್ ಚಾರ್ಜರಿದ್ದರೆ ಮೊದಲಿನದಕ್ಕೆ 12 ನಿಮಿಷ ಓಡಿಸಿದರೆ ಸಾಕು, ಎರಡನೆಯದಕ್ಕೆ ಅರ್ಧ ಗಂಟೆ ಮೀರುತ್ತೆ. ಬ್ಯಾಟರಿಯಿಂದ ಟಿವಿಗೆ ನೇರ ವೈರ್ ಎಳೆಯಬೇಡಿ. ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟ್ ತನಕ ಹೋಗುತ್ತೆ, 12 ವೋಲ್ಟಿಗೆ ಮಾಡಿದ ಬೋರ್ಡ್ ಸುಡಬಹುದು. ನಡುವೆ 12 ವೋಲ್ಟ್ ಸ್ಥಿರವಾಗಿ ಕೊಡೋ ಡಿಸಿ-ಡಿಸಿ ರೆಗ್ಯುಲೇಟರ್, ಬ್ಯಾಟರಿ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್, 2.5 ಚದರ ಮಿ.ಮೀ. ವೈರ್ ಇರಲಿ. ಎಂಜಿನ್ ಕೀ ತಿರುಗಿಸಿದ ತಕ್ಷಣ ಟಿವಿ ಆರೋ ಹಾಗೆ ಒಂದು ರಿಲೇ (ಕರೆಂಟಿನಿಂದ ತಾನಾಗೇ ನಡೆಯೋ ಸ್ವಿಚ್) ಹಾಕಿಸಿದರೆ ಡ್ರೈವರ್ ಕಣ್ಣಿಗೆ ಕನ್ನಡಿಯಲ್ಲೂ ಬೆಳಕು ಬೀಳಲ್ಲ.

ಶಬ್ದದ ಬಗ್ಗೆ ಯಾರೂ ಮೊದಲೇ ಯೋಚಿಸಲ್ಲ. ತಗಡಿನ ಮೇಲೆ ಮಳೆ ಜೋರಾಗಿ ಹೊಡೆಯುವಾಗ ಟಿವಿಯ ಹಿಂಭಾಗದ ಚಿಕ್ಕ ಸ್ಪೀಕರ್ ಏನೂ ಕೇಳಿಸಲ್ಲ. ಚಾವಣಿ ತಗಡಿನ ಒಳಮೈಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ಅದುರು, ಸದ್ದು ತಗ್ಗಿಸೋ ರಬ್ಬರ್ ಹಾಳೆ) ಅಂಟಿಸೋಕೆ ಸಮಯ ಇನ್ಸುಲೇಶನ್ ಹಾಕೋ ಮುಂಚೆ ಮಾತ್ರ. ಸ್ಪೀಕರನ್ನ ಸೀಟಿನ ಹಿಂದೆ, ಕಿವಿಯ ಹತ್ತಿರ ಕೂರಿಸಿ, ವೈರಿನಿಂದಲೇ ಜೋಡಿಸಿ. ಬ್ಲೂಟೂತ್‌ನಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತೆ.

ನೆಟ್‌ವರ್ಕ್ ನೆಚ್ಚಿಕೊಳ್ಳೋ ಹಾಗಿಲ್ಲದ ಜಾಗದಲ್ಲಿ ಡಿಶ್ ಬೇಕಾಗುತ್ತೆ. ಡಿಡಿ ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರೋ ಜಿಸ್ಯಾಟ್-15 ಉಪಗ್ರಹದಿಂದ. ಶಿವಮೊಗ್ಗದ ಕಡೆಯಿಂದ ಅದು ಆಗ್ನೇಯಕ್ಕೆ, ದಿಕ್ಸೂಚಿಯಲ್ಲಿ 127 ಡಿಗ್ರಿ ಹತ್ತಿರ, ದಿಗಂತದಿಂದ 63 ಡಿಗ್ರಿ ಮೇಲೆ. ಮನೆಗಳ ಮೇಲಿರೋ ಸಾಮಾನ್ಯ ಆಫ್‌ಸೆಟ್ ಡಿಶ್‌ನ (ಸಿಗ್ನಲ್ ಹಿಡಿಯೋ ತುದಿ ನಡುವೆ ಇರದೆ ಕೆಳಗಡೆ ಇರೋದು) ಮುಖ ಮಾತ್ರ ಅಷ್ಟು ಮೇಲಕ್ಕೆ ತಿರುಗಿದಂತೆ ಕಾಣಲ್ಲ, ಅದನ್ನ ನೋಡಿ ಮೋಸ ಹೋಗಬೇಡಿ. ಉಪಗ್ರಹ ಇಷ್ಟು ಎತ್ತರದಲ್ಲಿರೋದು ತೋಟದ ಪಕ್ಕ ನಿಲ್ಲಿಸೋರಿಗೆ ಅನುಕೂಲ: ಆಗ್ನೇಯಕ್ಕಿರೋ ಮರದ ಎತ್ತರದ ಅರ್ಧಕ್ಕಿಂತ ಚೂರು ಹೆಚ್ಚು ದೂರದಲ್ಲಿ ಡಿಶ್ ಇದ್ದರೆ ಸಾಕು. 15 ಮೀಟರ್ ಅಡಿಕೆ ಮರಕ್ಕೆ 8 ಮೀಟರ್. ಜಡಿಮಳೆಯಲ್ಲಿ ಚಿತ್ರ ಒಡೆದು ಹೋದರೆ ಡಿಶ್ ತಿರುಗಿಸೋಕೆ ಹೊರಗೆ ಹೋಗಬೇಡಿ. ಅದು ಮಳೆಹನಿ ಸಿಗ್ನಲ್ ನುಂಗೋದರಿಂದ ಆಗೋದು, ಮಳೆ ಇಳಿದರೆ ತಾನೇ ಬರುತ್ತೆ. ಅಷ್ಟರ ತನಕ ನೋಡೋಕೆ ಪೆನ್‌ಡ್ರೈವ್‌ನಲ್ಲಿ ಏನಾದರೂ ತುಂಬಿಟ್ಟುಕೊಂಡಿರಿ.

ಎಲ್ಲ ಕೂರಿಸಿದ ಮೇಲೆ ತೀರ್ಥಹಳ್ಳಿ ಕಡೆಗೋ ಹುಲಿಕಲ್ ಘಾಟಿಗೋ ಒಂದು ಸುತ್ತು ಹೋಗಿ ಬಂದು ಬ್ರಾಕೆಟ್, ಬೆಂಚು, ಟೇಬಲ್ ಕಾಲಿನ ಪ್ರತಿ ಬೋಲ್ಟನ್ನೂ ಪಾನಾ ಹಿಡಿದು ನೋಡಿ. ಹೊಸ ಪ್ಲೈ ವಾಷರಿನ ಕೆಳಗೆ ಒತ್ತಿಕೊಂಡು ಚೂರು ಸಡಿಲಾಗೋದು ಸಹಜ. ಎರಡನೇ ಸಲ ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪ್ಲೈ ತನಕ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಮುಂದೆ ಗೆರೆ ಮುರಿದದ್ದು ಕಂಡರೆ ಯಾವುದು ಸಡಿಲಾಗಿದೆ ಅಂತ ಕಣ್ಣಿಗೇ ಗೊತ್ತಾಗುತ್ತೆ.